ಎ ಬದಿ, ಬಿ ಬದಿ, ಶುಕ್ರವಾರ

ಸಿನಿಮಾದ ಹಂಗಿಲ್ಲದೆ, ಹಾಡುವವರೇ ಹಾಡು ಕಟ್ಟಿ, ಬಹುಪಾಲು ಸ್ವಂತ ಖರ್ಚಿನಲ್ಲೇ ಹೊರತರುವ ಸಂಗೀತಕ್ಕೆ ಇಂಡಿ ಎಂಬ ಹೆಸರು ಬಂದಿದೆ. ಇಂಡಿಪೆಂಡೆಂಟ್ ಎಂಬುದರ ಮೊಟಕು ರೂಪ ಇದು. ಉತ್ತರ ಕರ್ನಾಟಕದವರಿಗೆ ಇಂಡಿ ಎಂದರೆ ಲಿಂಬೆಯ ಊರು, ಅದು ಬೇರೆ ಮಾತು. ಡಿಸೆಂಬರ್ ಬಂತೆಂದರೆ ಮುಂದಿನ ವರ್ಷ ಯಾರ ಆಲ್ಬಮ್ ಬರುತ್ತದೆ ಎಂಬ ಲೆಕ್ಕಾಚಾರ ಕೇಳುಗರಲ್ಲಿ ಶುರುವಾಗುತ್ತದೆ. ಕನ್ನಡಕ್ಕೆ ಈ ಕಾಯುವ ಚಟ ಹತ್ತಿಸಿದವರು ಬ್ಯಾಂಡಿನವರಿಗಿಂತ ಮೊದಲು ಕವಿಗಳು.

ಗಾಯಕ ಪಿ. ಕಾಳಿಂಗರಾಯರ ಕಾಲದಲ್ಲಿ ಭಾವಗೀತೆ ಗ್ರಾಮಫೋನ್ ತಟ್ಟೆಯ ಅಳತೆಗೆ ತಗ್ಗಬೇಕಿತ್ತು. 78 ಸುತ್ತಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಅದನ್ನು ಗುರುತಿಸುತ್ತಾರೆ. ಕ್ಯಾಸೆಟ್ಟಿನಲ್ಲಿ ಎ ಬದಿ, ಬಿ ಬದಿ ಸೇರಿ ಒಂದು ಗಂಟೆಯವರೆಗೆ ಜಾಗ. ಎಂಟು ಹತ್ತು ಹಾಡು ಕೂಡಿಸುವಾಗ ಯಾವುದರ ಹಿಂದೆ ಯಾವುದು ಎಂಬ ಪ್ರಶ್ನೆ ಎದ್ದಿತು. ಕನ್ನಡದಲ್ಲಿ ಆಲ್ಬಮ್ ಹುಟ್ಟಿದ್ದೇ ಆ ಪ್ರಶ್ನೆಯಿಂದ ಎನ್ನಬೇಕು. ಬೇಡದ ಹಾಡನ್ನು ಹಾರಿಸಲು ಟೇಪನ್ನು ಅಂದಾಜಿನ ಮೇಲೆ ಓಡಿಸಬೇಕಿತ್ತು, ಆ ತಾಪತ್ರಯ ಬೇಡವೆಂದು ಜನ ಎಲ್ಲವನ್ನೂ ಕೇಳಿದರು. ಹಾಗೆ ಕೇಳಿದವರಿಗೆ ಇಂದಿಗೂ ಒಂದು ಹಾಡು ಮುಗಿಯುತ್ತಿದ್ದಂತೆ ಮುಂದಿನದರ ಮೊದಲ ಸ್ವರ ತಾನಾಗಿ ಕಿವಿಗೆ ಬರುತ್ತದೆ. ಸಿ. ಅಶ್ವತ್ಥ್ ಶಿಶುನಾಳ ಷರೀಫರ ತತ್ವಪದಗಳನ್ನು ಇದೇ ದಾರಿಯಲ್ಲಿ ಮನೆಮನೆಗೆ ಮುಟ್ಟಿಸಿದರು. ದುಡ್ಡು ಹಾಕುತ್ತಿದ್ದುದು ಕ್ಯಾಸೆಟ್ ಕಂಪನಿಗಳಾದ್ದರಿಂದ ಇದನ್ನು ಪೂರಾ ಇಂಡಿ ಎನ್ನಲಾಗದು. ಸಿನಿಮಾದ ಹೊರಗೂ ಹಾಡಿಗೆ ಗಿರಾಕಿ ಇದ್ದಾರೆಂದು ತೋರಿಸಿದ್ದು ಮಾತ್ರ ಇದೇ.

ಷರೀಫರೇ ಮುಂದಿನ ತಲೆಮಾರಿಗೂ ದಾರಿ ತೋರಿದರು. ಸೂಕ್ಷ್ಮಾಣುಜೀವಿ ವಿಜ್ಞಾನ ಓದಿದ್ದ ಮೈಸೂರಿನ ರಘು ದೀಕ್ಷಿತ್ 1998ರಲ್ಲಿ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಅವರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ, ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಬೆಂಬಲದಿಂದ. ಹತ್ತು ವರ್ಷದ ಕಾಯುವಿಕೆ! ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರಿನೊಂದಿಗೆ ಅವರು ತತ್ವಪದ ಹಾಡಿದಾಗ ಕನ್ನಡ ಬಾರದವರೂ ಕೇಳಿದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲೂ ಅವರ ತಂಡ ಹಾಡಿತು. ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಆಲ್ಬಮ್ 2009ರದು, ಎರಡನೆಯದು 2012ರದು. ಅಷ್ಟರಲ್ಲಿ ಸೀಡಿಯ ಅಂಗಡಿಗಳೇ ಬಾಗಿಲು ಹಾಕತೊಡಗಿದ್ದವು.

2015ರ ಜುಲೈ 10ರಿಂದ ಜಗತ್ತಿನ ಬಹುತೇಕ ಕಡೆ ಹೊಸ ಸಂಗೀತದ ಬಿಡುಗಡೆಗೆ ಶುಕ್ರವಾರ ಗೊತ್ತಾಯಿತು. ಕನ್ನಡ ಸಿನಿಮಾಕ್ಕೆ ಆ ವಾರ ಮೊದಲೇ ಒಗ್ಗಿತ್ತು. 2019ರಲ್ಲಿ ಹಾಡುಗಳ ಸ್ಟ್ರೀಮಿಂಗ್ ಸೇವೆ ಸ್ಪಾಟಿಫೈ ಭಾರತಕ್ಕೆ ಬಂತು. ಮನೆಯ ಕೋಣೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಮುದ್ರಿಸಿದ ಹಾಡೂ ಈಗ ಜಗತ್ತಿನ ಕೈಗೆ ಸಿಗುತ್ತದೆ. ಆದರೆ ಕೇಳುಗರು ಮರೆಯದಂತೆ ಒಂದೊಂದೇ ಹಾಡನ್ನು ತಿಂಗಳುಗಟ್ಟಲೆ ಬಿಡುತ್ತ ಹೋಗಬೇಕು. ಹೊಸ ವರ್ಷದ ಆಲ್ಬಮ್ ಕೈಗೆ ಬರುವ ಹೊತ್ತಿಗೆ ಅದರ ಅರ್ಧ ಹಳೆಯದಾಗಿರುತ್ತದೆ.

ಈ ಚರಿತ್ರೆಯಿಂದ ಹೊರಗೇ ಉಳಿದ ಸಂಗೀತವೊಂದು ಉತ್ತರ ಕನ್ನಡದ ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯ ಸುತ್ತಲಿನ ಕಾಡಂಚಿನಲ್ಲಿದೆ. ಗೋವಾದ ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಪೀಳಿಗೆಯಾದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಸೀಮೆಯಲ್ಲಿ ನೆಲೆಸಿದ್ದಾರೆ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರು ಅವರಲ್ಲಿದ್ದಾರೆ, ಡಮಾಮಿ ಮಾತ್ರ ಎಲ್ಲರದು. ಎರಡು ಬದಿಗೆ ಚರ್ಮ ಬಿಗಿದ ಈ ಮರದ ವಾದ್ಯದ ಹೆಸರೇ ಹಾಡು–ಕುಣಿತಕ್ಕೂ ಅಂಟಿದೆ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಎಷ್ಟು ಸಲ ಎಂಬುದನ್ನು ಕುಣಿತವೇ ತೀರ್ಮಾನಿಸುತ್ತದೆ. 2021ರ ‘ಸಲಗ’ ಚಿತ್ರದಲ್ಲಿ ಚರಣ್ ರಾಜ್ ಸಂಗೀತದ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿಗೆ ಸಿದ್ದಿ ಕಲಾವಿದರು ದನಿ ಕೊಟ್ಟಾಗ ನಾಡಿನ ಕಿವಿ ಅತ್ತ ತಿರುಗಿತು. ಹಾಗೆ ನೋಡಿದರೆ ಯಾರ ಹಂಗೂ ಇಲ್ಲದೆ ಇಷ್ಟು ಕಾಲ ಹಾಡಿಕೊಂಡು ಬಂದವರಿಗೆ ಹೆಸರು ತಂದದ್ದು ಸಿನಿಮಾವೇ.

ಡಮಾಮಿಯನ್ನು ಆಲ್ಬಮ್‌ಗೆ ಇಳಿಸುವುದು ಸಲೀಸಲ್ಲ. ಸ್ಟುಡಿಯೋದಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಕಿವಿಗೆ ತಾಳದ ಟಿಕ್‌ಟಿಕ್ ಕೊಟ್ಟು ಮುದ್ರಿಸುವುದು ರೂಢಿ. ಕುಣಿತದ ಜೊತೆ ಏರಿಳಿಯುವ ಹಾಡಿಗೆ ಆ ಕ್ರಮ ಒಗ್ಗದು. ಎತ್ತಿಕೊಡುವವರು, ತಿರುಗಿ ಹಾಡುವವರು, ಕುಣಿಯುವವರು ಒಟ್ಟಿಗೇ ಇರಬೇಕು, ಅಂದರೆ ಮೈಕುಗಳೇ ಅಂಗಳಕ್ಕೆ ಹೋಗಬೇಕು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗುವುದರಿಂದ ಅದಕ್ಕೆ ಜನವರಿಯ ಒಣಹವೆಯೇ ಹದ. ಹಾಡಿನ ಉದ್ದಕ್ಕೆ ಈಗ ಅಡ್ಡಿಯಿಲ್ಲ, ಸ್ಟ್ರೀಮಿಂಗ್‌ನಲ್ಲಿ ಬದಿ ಮುಗಿಯುವ ಭಯವಿಲ್ಲ. ಆದರೆ ಸ್ಪಾಟಿಫೈಯಲ್ಲಿ ಹಾಡು 30 ಸೆಕೆಂಡ್ ದಾಟಿದರೆ ಒಂದು ಕೇಳಿಕೆ ಎಂದು ದಾಖಲು. ಅಂಗಳದಲ್ಲಿ ಅರ್ಧ ತಾಸು ಹಾಡಿದರೂ ಅರ್ಧ ನಿಮಿಷ ಹಾಡಿದರೂ ಲೆಕ್ಕಕ್ಕೆ ಸಿಗುವುದು ಅದೇ ಒಂದು.