ಹತ್ತು ಸೆಂಟಿನ ಪುಸ್ತಕಕ್ಕೆ ಎಂಥ ಅಂಗಿ?

ತಾಯಿ ತೀರಿಕೊಂಡ ಮೇಲೆ ಮನೆಯ ಅಟ್ಟವನ್ನು ಬರಿದು ಮಾಡುವುದು ಮಕ್ಕಳ ಪಾಲಿಗೆ ಬರುವ ಕೆಲಸಗಳಲ್ಲಿ ಮನಸ್ಸಿಗೆ ಅತ್ಯಂತ ಭಾರವಾದದ್ದು. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಮೂವರು ಸಹೋದರರು ಇಂಥ ಕೆಲಸಕ್ಕೆ ಕೈಹಾಕಿದರು. ಅಟ್ಟದ ಮೇಲೆ ಹಳೆಯ ವೃತ್ತಪತ್ರಿಕೆಗಳ ರಾಶಿಯ ಅಡಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಅವರ ತಾಯಿಯೂ ಆಕೆಯ ಒಡಹುಟ್ಟಿದವನೂ ಬಾಲ್ಯದಲ್ಲಿ ಕೊಂಡು ಓದಿದ ಕೆಲವು ಕಾಮಿಕ್ ಪುಸ್ತಕಗಳಿದ್ದವು. ಅವುಗಳಲ್ಲಿ ಒಂದು, 1939ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ ‘ಸೂಪರ್‌ಮ್ಯಾನ್’ ಮಾಲೆಯ ಮೊದಲನೆಯ ಸಂಚಿಕೆ. 2025ರ ನವೆಂಬರಿನಲ್ಲಿ ಅದು ಹರಾಜಾದಾಗ ಬಂದ ಬೆಲೆ 91 ಲಕ್ಷ 20 ಸಾವಿರ ಡಾಲರು. ನಮ್ಮ ಲೆಕ್ಕದಲ್ಲಿ ಸುಮಾರು 80 ಕೋಟಿ ರೂಪಾಯಿ!

ಬೆಲೆಯನ್ನು ಕೇಳಿ ಬೆರಗಾಗುವುದು ಸಹಜ. ಆದರೆ ಅದಕ್ಕಿಂತ ಸೋಜಿಗವಾದ ಸಂಗತಿ ಬೇರೊಂದಿದೆ. ಎಂಟು ದಶಕಗಳಿಗೂ ಹೆಚ್ಚು ಕಾಲ ಆ ಪುಸ್ತಕಕ್ಕೆ ಇದ್ದ ರಕ್ಷಣೆಯೆಂದರೆ ಒಂದು ರಟ್ಟಿನ ಪೆಟ್ಟಿಗೆ, ಅದರ ಮೇಲೊಂದಿಷ್ಟು ಹಳೆಯ ಕಾಗದ. ಇಂದು ಅಂಥ ಪುಸ್ತಕಗಳಿಗೆಂದೇ ಬಗೆಬಗೆಯ ಚೀಲಗಳೂ ರಟ್ಟುಗಳೂ ಪೆಟ್ಟಿಗೆಗಳೂ ಮಾರಾಟವಾಗುತ್ತಿವೆ. ಅವುಗಳ ಮೇಲೆ ‘ಶಾಶ್ವತ ರಕ್ಷಣೆ’ ಎಂಬಂಥ ಮಾತುಗಳು ಅಚ್ಚಾಗಿರುತ್ತವೆ. ಈ ಮಾತುಗಳಲ್ಲಿ ಎಷ್ಟು ನಿಜ? ಹಳೆಯ ಚಿತ್ರಕಥೆಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡಿರುವ ನಮ್ಮಂಥವರಿಗೂ ಇದು ತಿಳಿದಿರಬೇಕಾದ ವಿಷಯ.

ಅಂಕದ ವ್ಯವಹಾರ

ಮೊದಲು ಈ ದರ್ಜೆಯ ಏರ್ಪಾಡು ಏನೆಂಬುದನ್ನು ಹೇಳಬೇಕು. ಹೊಸದರಂತೆ ಉಳಿದ ಪ್ರತಿಗೂ ಮೂಲೆ ಮಡಿಚಿದ ಪ್ರತಿಗೂ ಬೆಲೆಯಲ್ಲಿ ಅಂತರವಿರುವುದು ಸರಿಯಷ್ಟೆ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬಾತ ಹಳೆಯ ಕಾಮಿಕ್‌ಗಳ ಬೆಲೆಯ ಕೈಪಿಡಿಯೊಂದನ್ನು ಹೊರತಂದಾಗಿನಿಂದ ಈ ಅಂತರಕ್ಕೆ ಒಂದು ಲೆಕ್ಕ ಬಂದಿತು. ಆದರೆ ‘ಉತ್ತಮ ಸ್ಥಿತಿ’ ಎಂದು ಮಾರುವವನು ಹೇಳಿದ್ದನ್ನು ಕೊಳ್ಳುವವನು ಒಪ್ಪಬೇಕಲ್ಲ! ಈ ಜಗಳವನ್ನು ತೀರಿಸಲು 2000ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಕೆಲಸ ಆರಂಭಿಸಿತು. ಇಬ್ಬರಿಗೂ ಸೇರದ ಮೂರನೆಯವರು ಪುಸ್ತಕವನ್ನು ಪರೀಕ್ಷಿಸಿ 0.5ರಿಂದ 10ರವರೆಗೆ ಅಂಕ ಕೊಡುತ್ತಾರೆ. ಬಳಿಕ ಅದನ್ನು ಪಾರದರ್ಶಕವಾದ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ, ಮೇಲೆ ಅಂಕದ ಚೀಟಿಯನ್ನಿಟ್ಟು ಹಿಂದಿರುಗಿಸುತ್ತಾರೆ. ಸಂಗ್ರಾಹಕರು ಇದನ್ನು ‘ಸ್ಲ್ಯಾಬ್’ ಎನ್ನುತ್ತಾರೆ. ಚೀಟಿಯ ಬಣ್ಣಕ್ಕೂ ಅರ್ಥವುಂಟು: ನೀಲಿಯಾದರೆ ಸಾಮಾನ್ಯ ಪ್ರತಿ, ಹಳದಿಯಾದರೆ ಸಾಕ್ಷಿಯ ಎದುರು ಸಹಿ ಹಾಕಿಸಿದ್ದು, ನೇರಳೆಯಾದರೆ ರಿಪೇರಿ ಮಾಡಿ ಚೆಂದಗಾಣಿಸಿದ್ದು. ನೇರಳೆ ಚೀಟಿಯನ್ನು ಕಂಡರೆ ಸಂಗ್ರಾಹಕರ ಮುಖ ಬಾಡುತ್ತದೆ.

ಕ್ಯಾಲಿಫೋರ್ನಿಯಾದ ಪ್ರತಿಗೆ ಸಿಕ್ಕ ಅಂಕ 9.0. ಆ ಸಂಚಿಕೆಯ ಯಾವ ಪ್ರತಿಗೂ ಅದಕ್ಕಿಂತ ಹೆಚ್ಚು ಬಂದಿರಲಿಲ್ಲ.

ಒಂದು ಮಾತನ್ನು ಮರೆಯಬಾರದು. ಅಂಕವು ಪರೀಕ್ಷಿಸಿದ ದಿನದ ಸ್ಥಿತಿಗೆ ಮಾತ್ರ ಸಾಕ್ಷಿ. ಹತ್ತು ವರ್ಷಗಳ ಮೇಲೆ ಒಳಗಿನ ಕಾಗದ ಹಳದಿಯಾದರೂ ಚೀಟಿ ತನ್ನ ಹಳೆಯ ಮಾತನ್ನೇ ಆಡುತ್ತಿರುತ್ತದೆ. ಅಂಕದ ಜೊತೆಗೆ ಹಾಳೆಗಳು ‘ಬಿಳಿ’, ‘ಮಾಸಿದ ಬಿಳಿ’, ‘ಕೆನೆಬಣ್ಣ’, ‘ಪೆಡಸು’ ಎಂದು ಗುರುತಿಸುವ ಕ್ರಮವೂ ಇದೆ. ಬಲ್ಲವರು ಅಂಕಕ್ಕಿಂತ ಮೊದಲು ಅದನ್ನು ಓದುತ್ತಾರೆ.

ಹುಟ್ಟಿನಲ್ಲೇ ಬಂದ ರೋಗ

ಹಳೆಯ ಕಾಮಿಕ್‌ಗಳು ಅಚ್ಚಾದದ್ದು ಅಗ್ಗದ ಕಾಗದದ ಮೇಲೆ. ಮರವನ್ನು ಅರೆದು ಮಾಡಿದ ಈ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಹಾಗೆಯೇ ಉಳಿದಿರುತ್ತದೆ. ಬೆಳಕೂ ಗಾಳಿಯೂ ತಗುಲಿದರೆ ಅದು ಹಳದಿಯಾಗಿ, ಕಂದಾಗಿ ತಿರುಗುತ್ತದೆ. ಸಾಲದೆಂಬಂತೆ, ಮಸಿ ಹರಡದಿರಲೆಂದು ಕಾಗದಕ್ಕೆ ಹಾಕುತ್ತಿದ್ದ ಪಟಿಕ, ರಾಳಗಳಿಂದ ಹುಳಿಯ ಅಂಶವೂ ಸೇರುತ್ತಿತ್ತು. ಈ ಆಮ್ಲವು ಕಾಗದದ ನಾರುಗಳನ್ನು ಒಳಗಿನಿಂದ ಕತ್ತರಿಸುತ್ತ ಹೋಗುತ್ತದೆ. ಶಾಖ ಮತ್ತು ತೇವ ಹೆಚ್ಚಿದಷ್ಟೂ ಈ ಕತ್ತರಿಯ ವೇಗ ಹೆಚ್ಚು. ಎಂಥ ದುಬಾರಿ ಹೊದಿಕೆಯೂ ಇದನ್ನು ನಿಲ್ಲಿಸಲಾರದು. ನಿಧಾನಗೊಳಿಸುವುದು ತಂಪು, ಕತ್ತಲೆ, ಒಣಹವೆಗಳೇ.

ಇದಕ್ಕೆ ಇನ್ನೊಂದು ನಿದರ್ಶನ ಡೆನ್ವರ್ ನಗರದ್ದು. ಅಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಾರನೊಬ್ಬನಿದ್ದ. 1930ರ ದಶಕದ ಕೊನೆಯಿಂದ 1950ರ ದಶಕದವರೆಗೆ ಆತ ಕಾಮಿಕ್‌ಗಳನ್ನು ಕೊಂಡು ನೆಲಮಾಳಿಗೆಯಲ್ಲಿ ಒಂದರ ಮೇಲೊಂದು ಪೇರಿಸಿಡುತ್ತಿದ್ದ. 1977ರಲ್ಲಿ ಚಕ್ ರೋಜಾನ್ಸ್ಕಿ ಎಂಬ ತರುಣ ವ್ಯಾಪಾರಿ ಆ ರಾಶಿಯನ್ನು ಕೊಂಡ. ಹದಿನೆಂಟು ಸಾವಿರದಷ್ಟಾದರೂ ಪುಸ್ತಕಗಳು. ಎಷ್ಟೋ ಪ್ರತಿಗಳಲ್ಲಿ ಬಣ್ಣ ಮಾಸಿಲ್ಲ, ಹಾಳೆ ಬಿಳುಪಾಗಿಯೇ ಇದೆ! ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದ ಒಣಹವೆಯ ಊರು. ನೆಲಮಾಳಿಗೆ ತಂಪು, ಅಲ್ಲಿ ಕತ್ತಲೆ. ಪೇರಿಸಿಟ್ಟ ಭಾರದಿಂದ ಹಾಳೆಗಳ ನಡುವೆ ಗಾಳಿಯೂ ಆಡಲಿಲ್ಲ. ‘ಮೈಲ್ ಹೈ’ ಸಂಗ್ರಹವೆಂದು ಹೆಸರಾದ ಆ ಪುಸ್ತಕಗಳಿಗೆ ಸಂಗ್ರಾಹಕರು ಇಂದಿಗೂ ಬೇರೆಯೇ ಗೌರವ ಕೊಡುತ್ತಾರೆ.

ಹಾಗೆಂದು ಚೀಲವೇ ಬೇಡವೆಂದು ಅರ್ಥವಲ್ಲ. ಕೈಬೆರಳಿನ ಎಣ್ಣೆ, ಧೂಳು, ಮಡಿಕೆ, ಚೆಲ್ಲಿದ ಕಾಫಿ—ಇವುಗಳಿಂದ ಕಾಪಾಡಲು ಚೀಲ ಬೇಕೇ ಬೇಕು.

ಯಾವ ಹೊದಿಕೆ?

ಕೆಲವು ವರ್ಷಗಳ ಹಿಂದೆ ನಾನು ಬಾಲ್ಯದ ಅಮರ ಚಿತ್ರಕಥೆಗಳಿಗೆ ಅಂಗಡಿಯೊಂದರಿಂದ ದಪ್ಪನೆಯ, ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ ಕವರುಗಳನ್ನು ತಂದು ತೊಡಿಸಿದೆ. ನೋಡಲು ಬಹಳ ಅಂದವಾಗಿದ್ದವು. ಎರಡು ಮಳೆಗಾಲ ಕಳೆದು ತೆಗೆದು ನೋಡುತ್ತೇನೆ, ಹೊದಿಕೆ ಜಿಗುಟಾಗಿ ರಕ್ಷಾಪುಟಕ್ಕೆ ಅಂಟಿಕೊಂಡಿದೆ. ಮೆಲ್ಲನೆ ಬಿಡಿಸಿದರೆ ಅರ್ಜುನನ ಕಿರೀಟದ ಬಣ್ಣ ಪ್ಲಾಸ್ಟಿಕ್ಕಿನ ಜೊತೆಗೇ ಎದ್ದು ಬಂತು. ಅದು ಪಿ.ವಿ.ಸಿ. ಎಂಬ ಜಾತಿಯದು. ಅದನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ದ್ರವ್ಯ ಕಾಲಕ್ರಮದಲ್ಲಿ ಹೊರಗೆ ಒಸರುತ್ತದೆ. ಪ್ಲಾಸ್ಟಿಕ್ ಕೆಡುತ್ತ ಹೋದರೆ ಆಮ್ಲವನ್ನೂ ಬಿಡುತ್ತದೆ. ಹೊಸ ಮಳೆಕೋಟಿನ ವಾಸನೆ ಬರುವ ಕವರನ್ನು ಪುಸ್ತಕದ ಹತ್ತಿರ ಸುಳಿಯಗೊಡಬಾರದು.

ಉಳಿದದ್ದು ಮೂರು ಬಗೆ. ಪಾಲಿಎಥಿಲೀನ್ ಚೀಲ ಮೆದು, ತುಸು ಮಬ್ಬು, ಬೆಲೆ ಅಗ್ಗ. ಪಾಲಿಪ್ರೊಪಿಲೀನ್ ಅದಕ್ಕಿಂತ ಸ್ವಚ್ಛ, ಹೊಳಪು ಹೆಚ್ಚು. ಇವೆರಡೂ ಕೆಲವು ವರ್ಷಗಳ ಮಟ್ಟಿಗೆ ಒಳ್ಳೆಯವೇ. ಹಳದಿಯಾಗಲು, ಸುಕ್ಕಾಗಲು ತೊಡಗಿದೊಡನೆ ಬದಲಿಸಬೇಕು. ಮೂರನೆಯದು ಪಾಲಿಯೆಸ್ಟರ್ ಹಾಳೆ. ಡ್ಯೂಪಾಂಟ್ ಕಂಪನಿ ಇಟ್ಟ ‘ಮೈಲಾರ್’ ಎಂಬ ಹೆಸರಿನಿಂದಲೇ ಪ್ರಸಿದ್ಧ. ಮುಟ್ಟಿದರೆ ಗರಿಗರಿ ಸದ್ದು, ಕಣ್ಣಿಗೆ ಗಾಜಿನ ಸ್ವಚ್ಛತೆ. ಗ್ರಂಥಾಲಯಗಳು, ದಾಖಲೆಗಳ ಕಚೇರಿಗಳು ನಂಬುವುದು ಇದನ್ನೇ. ಇಂಚಿನ ಸಾವಿರದ ಎರಡು ಭಾಗದಷ್ಟು ದಪ್ಪನೆಯದೂ ನಾಲ್ಕು ಭಾಗದಷ್ಟು ದಪ್ಪನೆಯದೂ ಸಿಗುತ್ತವೆ. ಮನೆಯ ಸಂಗ್ರಹಕ್ಕೆ ತೆಳುವಾದದ್ದೇ ಸಾಕು.

ಇಲ್ಲಿಯೂ ಒಂದು ತೊಡಕಿದೆ. ಹುಳಿ ತುಂಬಿದ ಕಾಗದವನ್ನು ಪಾಲಿಯೆಸ್ಟರಿನ ನಡುವೆ ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದರೆ ಕಾಗದ ತಾನು ಬಿಡುವ ಆವಿಯಲ್ಲಿ ತಾನೇ ಬೇಯುತ್ತದೆ. ತೆರೆದಿಟ್ಟದ್ದಕ್ಕಿಂತ ಬೇಗ ಕೆಡುತ್ತದೆಂಬುದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪ್ರಯೋಗಗಳೇ ತೋರಿಸಿಕೊಟ್ಟವು. ಆದುದರಿಂದ ಚೀಲದ ಬಾಯಿಯನ್ನು ಮಡಿಚಿ ಒಳಕ್ಕೆ ಸೇರಿಸಿದರೆ ಸಾಕು, ಅಂಟುಪಟ್ಟಿ ಹಚ್ಚುವುದು ಬೇಡ. ಅಂಟುಪಟ್ಟಿಯಿಂದ ಇನ್ನೊಂದು ಅಪಾಯವೂ ಉಂಟು. ಪುಸ್ತಕವನ್ನು ಹೊರತೆಗೆಯುವಾಗ ಪಟ್ಟಿಯ ತುದಿ ರಕ್ಷಾಪುಟಕ್ಕೆ ತಾಗಿ ಚರ್ಮ ಸುಲಿದಂತೆ ಕಾಗದ ಕಿತ್ತುಬರುತ್ತದೆ. ದೊಡ್ಡ ದೊಡ್ಡ ಸಂಗ್ರಾಹಕರೂ ಹೀಗೆ ಕಣ್ಣೀರು ಹಾಕಿದ್ದುಂಟು.

ಚೀಲದೊಳಗೆ ಪುಸ್ತಕದ ಬೆನ್ನಿಗೆ ಒಂದು ರಟ್ಟು ಬೇಕು. ನಮ್ಮ ಹಿರಿಯರು ಓಲೆಗರಿಯ ಕಟ್ಟಿಗೆ ಎರಡೂ ಕಡೆ ಮರದ ಹಲಗೆಯಿಟ್ಟು ದಾರ ಬಿಗಿಯುತ್ತಿದ್ದರಲ್ಲ, ಅದೇ ನ್ಯಾಯ. ಆದರೆ ಶರ್ಟಿನ ಪೊಟ್ಟಣದಲ್ಲಿ ಬರುವ ಬೂದುರಟ್ಟು ಇಲ್ಲಿ ಸಲ್ಲದು. ಅದರಲ್ಲಿರುವ ಹುಳಿ ಪುಸ್ತಕಕ್ಕೆ ಹತ್ತುತ್ತದೆ. ಒಂದು ಮಗ್ಗುಲು ಮಾತ್ರ ಬಿಳುಪಾಗಿದ್ದು ನಡುವೆ ಬೂದುಬಣ್ಣವಿರುವ ರಟ್ಟನ್ನೂ ಅನುಮಾನದಿಂದ ನೋಡಬೇಕು. ಆಮ್ಲವಿಲ್ಲದ, ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ರಟ್ಟು ಹುಳಿಯನ್ನು ಸ್ವಲ್ಪ ಮಟ್ಟಿಗೆ ಹೀರಿಕೊಳ್ಳುತ್ತದೆ. ಅಳತೆಯೂ ಮುಖ್ಯ. 1940ರ ದಶಕದ ಅಮೆರಿಕನ್ ಕಾಮಿಕ್ ಏಳೂಮುಕ್ಕಾಲು ಇಂಚಿನಷ್ಟು ಅಗಲ. ಇಂದಿನದು ಏಳು ಇಂಚಿಗೂ ಕಡಿಮೆ. ಬಿಗಿಯಾದ ಚೀಲ ಮೂಲೆಗಳನ್ನು ಮುರಿಯುತ್ತದೆ. ಸಡಿಲವಾದದ್ದರಲ್ಲಿ ಪುಸ್ತಕ ಜಾರುತ್ತದೆ.

ಕವಚಕ್ಕೊಂದು ಕವಚ

ಅಂಕ ಪಡೆದು ಸ್ಲ್ಯಾಬಿನೊಳಗೆ ಸೇರಿದ ಪುಸ್ತಕದ ಚಿಂತೆ ಮುಗಿಯಿತೆಂದು ಹಲವರ ಭಾವನೆ. ಸ್ಲ್ಯಾಬು ಗಾಳಿಯಾಡದ ಡಬ್ಬಿಯಲ್ಲ. ತೇವ ಒಳಕ್ಕೆ ಹೋಗುತ್ತದೆ. ಅದರಲ್ಲಿ ಎರಡು ಪದರಗಳಿವೆ: ಒಳಗೆ ತೆಳ್ಳನೆಯ ಚೀಲದಂಥ ಕೋಶ, ಹೊರಗೆ ಗಟ್ಟಿಚಿಪ್ಪು. ಆಮ್ಲದ ಆವಿಯನ್ನು ಹೀರಲು ರಕ್ಷಾಪುಟಗಳ ಒಳಗೆ ವಿಶೇಷ ಕಾಗದವನ್ನು ಸೇರಿಸುವುದೂ ಉಂಟು. ಆ ಕಾಗದದ ಶಕ್ತಿಗೂ ಒಂದು ಮಿತಿಯಿದೆ.

ಹೊರಚಿಪ್ಪಿಗೆ ಗೀರು ಬೇಗ ಬೀಳುತ್ತದೆ. ಗೀರು ಬಿದ್ದ ಚಿಪ್ಪನ್ನು ಕಂಡ ಕೊಳ್ಳುವವನು ಒಳಗಿನ ಪುಸ್ತಕವನ್ನೇ ಅನುಮಾನಿಸುತ್ತಾನೆ. ಆದುದರಿಂದ ಸ್ಲ್ಯಾಬಿನ ಅಳತೆಗೆ ಹೊಲಿಸಿದಂತಿರುವ ಚೀಲವೊಂದನ್ನು ಅದಕ್ಕೂ ತೊಡಿಸುತ್ತಾರೆ: ಅಂಗಿಯ ಮೇಲೊಂದು ಕೋಟು! ಈ ಚೀಲ ಪಾಲಿಪ್ರೊಪಿಲೀನಿನದಾದರೂ ಚಿಂತೆಯಿಲ್ಲ. ಪುಸ್ತಕವನ್ನು ಅದು ನೇರವಾಗಿ ಮುಟ್ಟುವುದಿಲ್ಲವಷ್ಟೆ. ಹೆಚ್ಚು ಹಣವನ್ನು ಇಲ್ಲಿ ಸುರಿಯುವುದು ವ್ಯರ್ಥ.

ನಿಜವಾದ ಜೋಪಾನ ಬೇಕಾದದ್ದು ಇಡುವ ರೀತಿಯಲ್ಲಿ. ಸ್ಲ್ಯಾಬುಗಳನ್ನು ಅವುಗಳ ಅಳತೆಯ ಗಟ್ಟಿ ಪೆಟ್ಟಿಗೆಯಲ್ಲಿ, ಕಪಾಟಿನ ಗ್ರಂಥಗಳಂತೆ ನೆಟ್ಟಗೆ ನಿಲ್ಲಿಸಬೇಕು. ಓರೆಯಾಗಿ ಬಿದ್ದರೆ ಒಳಗಿನ ಪುಸ್ತಕ ಬಾಗುತ್ತದೆ. ಇಪ್ಪತ್ತು ಮೂವತ್ತನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬಿರಿಯಬಹುದು. ಸಾಗಿಸುವಾಗ ಕುಲುಕಾಡಿದರೆ ಪುಸ್ತಕ ಕೋಶದೊಳಗೇ ಸರಿದಾಡಿ, ಪಿನ್ನಿನ ಬಳಿ ರಕ್ಷಾಪುಟ ಹರಿಯುವುದೂ ಉಂಟು. ಹೊರಗೆ ಒಂದು ಗೀರೂ ಇಲ್ಲ, ಚೀಟಿಯಲ್ಲಿ 9.8, ಒಳಗೆ ಮಾತ್ರ ಗಾಯ! ಇನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕುವವರಿಗೆ ಏನು ಹೇಳೋಣ? ಅತಿನೇರಳೆ ಕಿರಣವನ್ನು ತಡೆಯುವ ಚೌಕಟ್ಟುಗಳು ಬಂದಿವೆ ನಿಜ; ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ತಿನ್ನುತ್ತದೆ.

ನಮ್ಮ ಮನೆಗಳಲ್ಲಿ

ನಮ್ಮಲ್ಲಿಯೂ ಕಾಪಾಡತಕ್ಕ ಚಿತ್ರಕಥೆಗಳಿಲ್ಲವೆ? 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಬಂತು. ಅಮರ ಚಿತ್ರಕಥೆಯನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ಆ ಹೆಸರಿನ ಪುಸ್ತಕಗಳು 1965ರಲ್ಲಿ ಮೊದಲು ಬಂದದ್ದು ಬೆಂಗಳೂರಿನಲ್ಲಿ, ಕನ್ನಡದಲ್ಲಿ ಎಂಬುದನ್ನು ಎಷ್ಟೋ ಕನ್ನಡಿಗರೇ ಅರಿಯರು. ಅಂಥ ಹಳೆಯ ಕನ್ನಡ ಪ್ರತಿಯೊಂದು ಯಾರದೋ ಅಟ್ಟದಲ್ಲಿ ಈ ಹೊತ್ತಿಗೂ ಇರಬಹುದು. ಆದರೆ ಅದನ್ನು ಅಮೆರಿಕಕ್ಕೆ ಕಳಿಸಿ ಅಂಕ ಹಾಕಿಸಿ ತರಿಸುವ ಖರ್ಚು ಬಹುಪಾಲು ಪುಸ್ತಕಗಳ ಬೆಲೆಯನ್ನು ಮೀರುತ್ತದೆ. ಮೇಲಾಗಿ ಸ್ಲ್ಯಾಬಿನೊಳಗೆ ಹೋದ ಪುಸ್ತಕವನ್ನು ಮಕ್ಕಳು ತೆರೆದು ಓದುವಂತಿಲ್ಲ. ಓದಲಾಗದ ಪುಸ್ತಕವನ್ನು ಮನೆಯಲ್ಲಿಟ್ಟುಕೊಳ್ಳುವ ಮನಸ್ಸು ನನಗಂತೂ ಬಾರದು.

ಕ್ಯಾಲಿಫೋರ್ನಿಯಾದ ಅಟ್ಟವನ್ನು ನೆಚ್ಚಿ ನಾವು ಮೋಸಹೋಗಬಾರದು. ಅಲ್ಲಿಯ ತಂಪುಹವೆ ಪುಸ್ತಕವನ್ನು ಉಳಿಸಿತು; ಟೆಕ್ಸಾಸಿನ ಅಟ್ಟದಲ್ಲಿದ್ದಿದ್ದರೆ ಹಾಳಾಗುತ್ತಿತ್ತೆಂದು ಹರಾಜು ಸಂಸ್ಥೆಯವರೇ ಹೇಳಿದ್ದಾರೆ. ಹೆಂಚಿನ ಅಥವಾ ತಾರಸಿಯ ಕೆಳಗಿನ ನಮ್ಮ ಅಟ್ಟ ಏಪ್ರಿಲಿನಲ್ಲಿ ಒಲೆಯಂತೆ ಕಾಯುತ್ತದೆ. ಕಲಬುರಗಿಯಲ್ಲಿ ಶಾಖವೇ ಶತ್ರು. ಮಂಗಳೂರು, ಉಡುಪಿಗಳಲ್ಲಿ ಮಳೆಗಾಲದ ತೇವ. ತೇವದಲ್ಲಿ ಮೊದಲು ತುಕ್ಕು ಹಿಡಿಯುವುದು ಪುಸ್ತಕದ ನಡುವಿನ ಪಿನ್ನು, ಆಮೇಲೆ ಬೂಷ್ಟು. ಮನೆಯ ನಡುಕೋಣೆಯ ಬೀರುವಿನಲ್ಲಿ, ನೆಲದಿಂದ ಎತ್ತರದಲ್ಲಿ, ಮಳೆಯ ಹೊಡೆತ ಬೀಳುವ ಗೋಡೆಗೆ ತಾಗದಂತೆ ಇಡುವುದು ಲೇಸು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟರೆ ಒಳ್ಳೆಯದೇ. ಆದರೆ ಅದು ತೇವ ಹೀರಿ ತಣಿದ ಮೇಲೆ ಬದಲಿಸದಿದ್ದರೆ ಇದ್ದೂ ಇಲ್ಲದಂತೆ. ನುಸಿಗುಳಿಗೆಯ ಆವಿ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವುದರಿಂದ ಅದನ್ನು ಚೀಲಗಳ ಜೊತೆ ಇಡಬಾರದು.

ಚೀಲಕ್ಕೆ ಹಾಕುವ ಕೆಲಸವನ್ನು ಜಡಿಮಳೆಯ ದಿನ ಮಾಡಿದರೆ ತೇವವನ್ನೂ ಜೊತೆಗೇ ಕಟ್ಟಿಟ್ಟಂತಾಗುತ್ತದೆ. ನಾನು ಈಗ ಜನವರಿಯ ಒಣದಿನವೊಂದನ್ನು ಅದಕ್ಕೆಂದೇ ಗೊತ್ತುಮಾಡಿಕೊಂಡಿದ್ದೇನೆ. ಕೈ ತೊಳೆದು ಒರೆಸಿ, ಪುಸ್ತಕಗಳನ್ನು ಒಂದೊಂದಾಗಿ ಹೊರತೆಗೆದು, ಪಿನ್ನು ನೋಡಿ, ಮನೆಯ ಮಕ್ಕಳು ಕೇಳಿದ್ದನ್ನು ಅವರ ಕೈಗೆ ಕೊಟ್ಟು, ಓದಿ ಮುಗಿಸಿದ ಮೇಲೆ ಹೊಸ ಚೀಲಕ್ಕೆ ಸೇರಿಸುವುದು. ಚೀಲ ಬದಲಿಸಿದ ತಿಂಗಳು, ವರ್ಷವನ್ನು ರಟ್ಟಿನ ಹಿಂಬದಿಯಲ್ಲಿ ಬರೆದಿಡುತ್ತೇನೆ—ಪೆನ್ಸಿಲಿನಿಂದ, ಪುಸ್ತಕ ಸೇರಿಸುವುದಕ್ಕೆ ಮುಂಚೆಯೇ.