ಅಲಸಂದೆಯನ್ನು ದುಡಿಸುವ ಜೋಳ

ಮೇವಿನ ಜೋಳದ ಸಾಲುಗಳ ನಡುವೆ ಅಲಸಂದೆ ಬಿತ್ತಿದರೆ ಜೋಳಕ್ಕೆ ಹಾಕುವ ಯೂರಿಯಾ ಉಳಿಯುತ್ತದೆಯೇ? ಹೈನುಗಾರರು ಆಗಾಗ ಕೇಳುವ ಈ ಪ್ರಶ್ನೆಯ ಹಿಂದೆ, ದ್ವಿದಳ ಗಿಡ ಗಾಳಿಯ ಸಾರಜನಕ ಹಿಡಿದು ಪಕ್ಕದ ಹುಲ್ಲಿಗೂ ಬಡಿಸುತ್ತದೆ ಎಂಬ ನಂಬಿಕೆಯಿದೆ. ಹಿಡಿಯುವುದು ನಿಜ. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ ಅದನ್ನು ಬಲು ಸೊಗಸಾಗಿ ತೋರಿಸಿಕೊಟ್ಟರು. ಸಾರಜನಕವಿಲ್ಲದ ಮರಳಿನಲ್ಲಿ ಓಟ್ಸ್ ಸೊರಗಿತು. ಬಟಾಣಿಯಾದರೋ, ಹೊಲದ ಮಣ್ಣು ಕದಡಿದ ನೀರು ಒಂದಿಷ್ಟು ಸಿಕ್ಕಿದ್ದೇ ತಡ, ಬೇರಿನಲ್ಲಿ ಗಂಟು ಕಟ್ಟಿ ಹಸಿರೇರಿತು. ಅದೇ ನೀರನ್ನು ಕಾಯಿಸಿ ಹಾಕಿದರೆ ಗಂಟೂ ಇಲ್ಲ, ಬೆಳವಣಿಗೆಯೂ ಇಲ್ಲ. ಗಂಟಿನೊಳಗೆ ಜೀವಾಣು ಇದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು! 1888ರಲ್ಲಿ ಹಾಲೆಂಡಿನ ಬೈಜರಿಂಕ್ ಆ ಜೀವಾಣುವನ್ನು ಬೇರ್ಪಡಿಸಿದರು.

ಬಡಿಸುವ ಮಾತು ಮಾತ್ರ ಅಷ್ಟು ಸರಳವಲ್ಲ. ಗಾಳಿಯ ಸಾರಜನಕ ಒಡೆಯುವುದು ದುಬಾರಿ ಕೆಲಸ. ಜೀವಾಣುವಿಗೆ ಗಿಡ ತನ್ನ ಸಕ್ಕರೆಯನ್ನೇ ಕೂಲಿಯಾಗಿ ಕೊಡಬೇಕು. ಮಣ್ಣಿನಲ್ಲೇ ನೈಟ್ರೇಟ್ ಸಿಗುವಾಗ ಅಲಸಂದೆ ಆ ಖರ್ಚಿಗೆ ಇಳಿಯದು, ಗಂಟುಗಳೂ ಕಡಿಮೆಯಾಗುತ್ತವೆ. ಜೋಳದ ದಟ್ಟ ಬೇರು ಆ ನೈಟ್ರೇಟನ್ನು ಬೇಗ ಹೀರಿಕೊಂಡಾಗ ಅಲಸಂದೆಗೆ ಗಾಳಿಯೇ ಗತಿ. ಹೀಗಾಗಿ ಜೋಳಕ್ಕೆ ಸಿಗುವುದು ಮುಖ್ಯವಾಗಿ ಅಲಸಂದೆ ಮುಟ್ಟದೆ ಬಿಟ್ಟ ಪಾಲು. ಬೇರು, ಗಂಟು ಕೊಳೆತು ಹೊರಬರುವ ಸಾರಜನಕ ಬಹುಪಾಲು ಮುಂದಿನ ಬೆಳೆಯದು. ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಹಾಕುವವರಿಗೆ ಈ ಲೆಕ್ಕ ಹೊಸದಲ್ಲ.

ಎರಡು ತಿಂಗಳಲ್ಲಿ ಕೊಯ್ದು ಹಾಕುವ ಮೇವಿಗೆ ಇದರಿಂದೇನು ಲಾಭ ಎನ್ನಬಹುದು. ಲಾಭವಿರುವುದು ಗೋದಲಿಯಲ್ಲಿ. ಮೇವಿನ ಒಣತೂಕದಲ್ಲಿ ಪ್ರೋಟೀನು ಸುಮಾರು ಶೇ. 7ಕ್ಕಿಂತ ಇಳಿದರೆ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳೇ ಹಸಿಯುತ್ತವೆ. ನಾರು ಕರಗದೆ ನಿಲ್ಲುತ್ತದೆ, ಹಸು ತಿನ್ನುವುದೂ ಕಡಿಮೆಯಾಗುತ್ತದೆ. ಬಲಿತ ಜೋಳ ಈ ಗಡಿಯ ಆಸುಪಾಸಿನಲ್ಲೇ ಇರುತ್ತದೆ. ಜೊತೆಗೆ ಅಲಸಂದೆ ಬಿದ್ದರೆ ಆ ಜೋಳವೂ ಚೆನ್ನಾಗಿ ಅರಗುತ್ತದೆ, ಹಿಂಡಿಯ ಖರ್ಚೂ ತಗ್ಗುತ್ತದೆ. ಬರೀ ಹುಲ್ಲು ಬೆಳೆದು ಯೂರಿಯಾ ಸುರಿದರೆ ಹೆಚ್ಚು ಟನ್ ಸಿಗುತ್ತದಲ್ಲ ಎಂಬ ವಾದವೂ ಇದೆ. ಆದರೆ ಹಸಿ ಮೇವಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಟನ್ನುಗಳಿಗಿಂತ ಪ್ರೋಟೀನನ್ನು ಅಳೆಯುವುದು ಸರಿ. ಮಿಶ್ರ ಬೆಳೆಗೂ ಅಷ್ಟೇ ಯೂರಿಯಾ ಸುರಿದರಂತೂ ಎರಡು ಬಗೆಯ ನಷ್ಟ: ಸೊಕ್ಕಿದ ಜೋಳದ ನೆರಳಿಗೆ ಅಲಸಂದೆ ಬಡವಾಗುತ್ತದೆ, ಗಂಟುಗಳೂ ಕೆಲಸ ನಿಲ್ಲಿಸುತ್ತವೆ. ಗಂಟು ದುಡಿಯುತ್ತಿದೆಯೇ ಎಂಬುದನ್ನು ಹೊಲದಲ್ಲೇ ನೋಡಬಹುದು. ಹೂ ಬಿಡುವ ಮುಂಚೆ ಒಂದು ಗಿಡವನ್ನು ಮಣ್ಣುಸಮೇತ ಅಗೆದು, ಗಂಟೊಂದನ್ನು ಉಗುರಿನಿಂದ ಸೀಳಿ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನಂಟಿನದೇ ಒಂದು ಕೆಂಪು ವಸ್ತು ಅಲ್ಲಿದೆ. ಒಳಗೆ ಕೆಂಪಗಿದ್ದರೆ ಗಂಟು ದುಡಿಯುತ್ತಿದೆ, ಹಸಿರಾಗಿದ್ದರೆ ಅದರ ಕೆಲಸ ಮುಗಿದಿದೆ.