ಬೇಡುವ ಬುಟ್ಟಿ, ನೀಡುವ ಕೈ

ಬೇಡಿ ತಂದು ಪರರನ್ನು ಪೋಷಿಸುವ ಪದ್ಧತಿ ನಮ್ಮವರಿಗೆ ಹೊಸದಲ್ಲ. ಜಂಗಮರ ಭಿಕ್ಷೆ, ಬಡ ವಿದ್ಯಾರ್ಥಿಗಳ ವಾರಾನ್ನ, ಮಠದ ದಾಸೋಹಕ್ಕೆಂದು ಎತ್ತಿಡುವ ಹಿಡಿಯಕ್ಕಿ ಇವೆಲ್ಲವೂ ಅದರ ರೂಪಗಳೇ. ಇದೇ ಮಾರ್ಗದಲ್ಲಿ ನಡೆದುಬಂದ ಕಥೋಲಿಕ ಸಂನ್ಯಾಸಿನಿಯರ ಸಂಘವೊಂದರ ವೃದ್ಧಾಶ್ರಮ ನಮ್ಮ ನೆರೆಯ ಬೆಂಗಳೂರಿನ ಹೊಸೂರು ರಸ್ತೆಯಲ್ಲಿದೆ. ಆ ಸಂಘದ ಹೆಸರು ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’.

ಫ್ರಾನ್ಸ್ ದೇಶದ ಬ್ರಿಟನಿ ಪ್ರಾಂತದಲ್ಲಿ, 1839ರ ಚಳಿಗಾಲದಲ್ಲಿ, ಜೀನ್ ಜುಗಾನ್ ಎಂಬ ಮಹಿಳೆ ದಿಕ್ಕಿಲ್ಲದ ಅಂಧ ವೃದ್ಧೆಯೊಬ್ಬರನ್ನು ಮನೆಗೆ ಕರೆತಂದು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಆಶ್ರಯ ಬೇಡಿ ಬಂದವರು ಹೆಚ್ಚಿದಂತೆ, ಆ ವೃದ್ಧೆಯರು ಬೀದಿಯಲ್ಲಿ ಕೈಚಾಚುವುದನ್ನು ತಪ್ಪಿಸಿ, ಅವರ ಪರವಾಗಿ ತಾವೇ ಬುಟ್ಟಿ ಹಿಡಿದು ಹೊರಟರು. ಸ್ಥಿರ ಆದಾಯ ತರುವ ದತ್ತಿಗಳನ್ನು ಇಟ್ಟುಕೊಳ್ಳದೆ ಅಂದಂದಿನ ದಾನದಿಂದಲೇ ಬದುಕಬೇಕೆಂದು ಸಂಘವು 1865ರಲ್ಲಿ ನಿರ್ಧರಿಸಿತು. 1882ರಲ್ಲಿ ಕಲ್ಕತ್ತೆಗೂ 1900ರಲ್ಲಿ ಬೆಂಗಳೂರಿಗೂ ಈ ಸಂನ್ಯಾಸಿನಿಯರು ಬಂದರು. ಜೀನ್ ಜುಗಾನರನ್ನು 2009ರಲ್ಲಿ ಸಂತರೆಂದು ಘೋಷಿಸಲಾಯಿತು.

ನಮ್ಮ ತಂದೆಯವರು 1950ರ ದಶಕದಲ್ಲಿ ಈ ಸೀಮೆಯ ತರಕಾರಿಯನ್ನು ಬೆಂಗಳೂರಿನ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಇಬ್ಬಿಬ್ಬರಾಗಿ ಬರುತ್ತಿದ್ದ ಸಂನ್ಯಾಸಿನಿಯರಿಗೆಂದು ಒಂದು ಕುಕ್ಕೆಯನ್ನು ಬೇರೆ ಇಡುತ್ತಿದ್ದರೆಂದು ಅವರ ಬಾಯಿಂದಲೇ ಕೇಳಿದ್ದೇನೆ. ಬೆಲೆ ಕುಸಿದ ದಿನ ಕುಕ್ಕೆ ಅರ್ಧವಾಗುತ್ತಿತ್ತು, ಬರಿದಾಗುತ್ತಿರಲಿಲ್ಲ. ಪಕ್ಕದ ಅಂಗಡಿಯ ಸಾಹೇಬರು ಬಾಳೆಕಾಯಿ ಕೊಡುತ್ತಿದ್ದರು. ಕೊಡಲು ಏನೂ ಇಲ್ಲದ ಹಮಾಲಿಗಳು ಅದನ್ನೆಲ್ಲ ಕೂಲಿಯಿಲ್ಲದೆ ಗಾಡಿಗೆ ಹೊತ್ತು ಹಾಕುತ್ತಿದ್ದರು. ಆಶ್ರಮದಲ್ಲಿ ಜಾತಿಮತ ಕೇಳದೆ ಮುದುಕರನ್ನು ಸಾಕುವರೆಂಬುದು ಅವರೆಲ್ಲರಿಗೂ ತಿಳಿದಿತ್ತು.

ಈ ಔದಾರ್ಯದ ಹಿಂದೆ ಒಂದು ವ್ಯವಹಾರಜ್ಞಾನವೂ ಇತ್ತು. ಬಿಸಿಲೇರಿದರೆ ಸೊಪ್ಪು ಬಾಡುತ್ತದೆ, ಟೊಮೆಟೊ ಒಡೆಯುತ್ತದೆ. ವ್ಯಾಪಾರಿಗೆ ನಾಳೆ ನಷ್ಟವಾಗುವ ಪದಾರ್ಥ ಆಶ್ರಮಕ್ಕೆ ಇಂದಿನ ಊಟ. ಹಣ ಕೊಡಲಾರದವನೂ ಆದ್ದರಿಂದ ದಾನಿಯಾಗಬಲ್ಲ. ಮೇಲಾಗಿ, ಕೇಳುವವರು ತಾವೇ ಬಂದು ಎದುರಿಗೆ ನಿಲ್ಲುವುದರಿಂದ ಕೊಡುವವನಿಗೆ ಸಂಸ್ಥೆ ತನ್ನದೆನಿಸುತ್ತದೆ. ದತ್ತಿಯ ಬಡ್ಡಿಯಿಂದ ನಡೆಯುವ ಸಂಸ್ಥೆಯನ್ನು ಊರು ಮರೆಯಬಹುದು. ಪ್ರತಿದಿನವೂ ಕೇಳಲು ಬರುವ ಸಂಸ್ಥೆಯನ್ನು ಮರೆಯಲಾಗದು.

ನಮ್ಮ ಶಾಲೆಯೂ ಹಾಗೆಯೇ ಎದ್ದಿತು. ಒಬ್ಬರು ಕಲ್ಲು ಹೊಡೆಸಿದರು, ಒಬ್ಬರು ತೊಲೆ ಕೊಟ್ಟರು, ಏನೂ ಇಲ್ಲದವರು ಮಣ್ಣು ಹೊತ್ತರು. ಈಗ ಕಟ್ಟಡ ಭದ್ರವಾಗಿದೆ. ಕನ್ನಡ ತರಗತಿಗೆ ಬರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಸುವರ್ಣ ಮಹೋತ್ಸವದ ದೊಡ್ಡ ದೇಣಿಗೆ ಒಮ್ಮೆ ಬಂದು ಮುಗಿಯುವಂಥದು. ಶಾಲೆಗೆ ಬೇಕಾದುದು ವರ್ಷವರ್ಷವೂ ಮನೆಮನೆಗೆ ಹೋಗಿ ಮಗುವನ್ನೂ ಪುಸ್ತಕವನ್ನೂ ನೆರವನ್ನೂ ಕೇಳುವವರು. ಆ ಬುಟ್ಟಿಯನ್ನು ಹಿಡಿಯಲು ಹಳೆಯ ವಿದ್ಯಾರ್ಥಿಗಳು ಸಂಕೋಚಪಡದೆ ಮುಂದೆ ಬರಬೇಕೆಂದು ವಿನಂತಿಸುತ್ತೇನೆ.